ಹಳೇ ಪೆಡಲ್

ಕೊಲ್ಲಾಪುರದ ನಿಂಬಾಳಕರ ಮುಂಜಾನಿ ಬಂದಾಂವ
ಚಹಾ ಸೈತ ಮುಟ್ಟಲಿಲ್ಲ.
ಕಿಸೆದಾಗಿಂದ ಸಣ್ಣದೊಂದು ಮ್ಯಾಗ್ನೆಟ್ ತಗದು
ಫಿಯಾಟಿನ ಮೈತುಂಬ ಆಡಿಸಿದ,
ಡಾಕ್ಟರು ಎದಿಗೆ ಕೊಳವಿ ಹಚ್ಚಿದಂಗ.
ಎಲ್ಲೆ ಅಂಟೂದಿಲ್ಲೋ ಅಲ್ಲೆ ಪುಟ್ಟಿ ಮೆತ್ತೇತಿ ಅಂತ ಅರ್ಥ.
ಎಲ್ಲಾ ಕಡೆ ಅಂಟಿತು.

ಎಂಜಿನ್ ನಂಬರ್ ಓದಿದ, ಚಾಸಿ ನಂಬರ್ ಓದಿದ,
ಗಾಜಿನ ಮೂಲ್ಯಾಗಿನ ಇರಿವಿಯಂಥ ಅಕ್ಷರಾನೂ ಬಿಡಲಿಲ್ಲ.
‘ಅರವತ್ತೆಂಟರ ಗಾಡಿ. ತತ್ತಿ ಬಣ್ಣ, ಕಂಪನೀದ.
ಬಂಗಾರ ಐತಿ’ ಅಂದ.
ಆಮ್ಯಾಲೆ ಸ್ಟೇರಿಂಗ್ ಕೆಳಗ ಬಗ್ಗಿದ.
ಬಗ್ಗಿದಾಂವ ಭಾಳ ಹೊತ್ತು ಏಳಲಿಲ್ಲ.

‘ಇದೇನ್ರಿ ಇದು?’

ಇದು ಅಂದ್ರ
ಎಂಬತ್ತೇಳರಾಗ ನಾ ಮಾಡಿದ್ದು.
ಜಾಲಿಹಾಳ ಅಕ್ಕಾರ ಎಡಗಾಲು
ಮೂರು ವರ್ಷದಾಕಿ ಇದ್ದಾಗ ಜ್ವರದಾಗ ಹೋತು.
ಅವರ ಅಪ್ಪಾರು ತೀರಿದ ಮ್ಯಾಲೆ ಕಾರು ಶೆಡ್ಡಿನಾಗ ನಿಂತಿತ್ತು,
ಹಿಂದಿನ ಸೀಟಿನಾಗ ಬೆಕ್ಕು ಮರಿ ಹಾಕಿತ್ತು.
ಒಂದಿನ ಬಂಕಾಪುರ ಚೌಕದ ನಮ್ಮ ಗ್ಯಾರೇಜಿನ ಮುಂದ
ಆಟೋ ನಿಲ್ಲಿಸಿ, ಇಳೀಲಾರದ ಕೇಳಿದ್ರು:
‘ಗೌಸು, ಕ್ಲಚ್ಚು ಕಾಲಾಗ ಇರಬೇಕು ಅಂತ
ಎಲ್ಲೆ ಬರದಾರ?’

ಎಲ್ಲೂ ಬರದಿರಲಿಲ್ಲ.

ರೈಲ್ವೆ ಗುಜರಿಯಾಗಿನ ಒಂದು ಸಲಾಕಿ,
ಮೆಟಾಡೋರದ ಕೇಬಲ್ಲು.
ಹಿಡಿಕೀಗಂತ ಅಕ್ಕಾರು ತಾವ ತಂದುಕೊಟ್ರು,
ತಮ್ಮ ಟೈಪಿಂಗ್ ಕ್ಲಾಸಿನ ಸತ್ತ ಮಷಿನ್ನಿಂದ ಬಿಚ್ಚಿ,
ಸಾಲು ಮುಗದಾಗ ದೂಡತಾರಲ್ಲ, ಆ ಕಡ್ಡಿ.
ಮೂರು ಸಲ ವೆಲ್ಡಿಂಗ್ ಬಿಟ್ಟಿತು.
ನಾಕನೇದಕ್ಕ ಹಿಡೀತು.
ಗೇರಿನ ಬಾಜೂಕ,
ಎರಡೂ ಒಂದ ಅಂಗೈಯಾಗ ಬರೂವಂಗ.

ಅಂದಿನಿಂದ ಅಕ್ಕಾರು ಸಾಲು ತಿರುವಿದಂಗ ಗೇರ್ ತಿರುವತಾರ.
ಗಂಟಿ ಮಾತ್ರ ಹೊಡಿಯೂದಿಲ್ಲ.
ಉಣಕಲ್ಲ ಕೆರಿ ಒಂದು ಸಾಲು,
ನವಲೂರಾಗ ಪ್ಯಾರಲ ಬುಟ್ಟಿ ಕಂಡ್ರ ಪೂರ್ಣವಿರಾಮ.
ಈಗ ನಡುಕ ಚಿಗರಿ ಬಸ್ಸು ಬಂದಾವು;
ಇವರು ಬಾಜೂಕ ನಲವತ್ತರ ಮ್ಯಾಲೆ ಹೋಗೂದಿಲ್ಲ.
ಹಿಂದಿನವ್ರು ಹಾರ್ನ್ ಹೊಡದ್ರ ಕೈ ಹೊರಗ ಹಾಕಿ
‘ಹಾರಿ ಹೋಗು’ ಅಂತ ತೋರಸ್ತಾರ.

ಹೋದ ವರ್ಷದಿಂದ ಭುಜ ಏಳವಲ್ದು.
ಮಾರೂಣು ಅಂದಾವ್ರೂ ಅವರ.

ನಿಂಬಾಳಕರ ಕೈ ಒರಸಿಕೊಂಡ.
‘ಹಿಂಗ ಇದ್ರ ಎರಡು ಲಕ್ಷ.
ಇದನ್ನ ಕಿತ್ತು ಕಂಪನಿ ಪೆಡಲ್ ಹಾಕಿದ್ರ ನಾಕೂವರಿ.
ಬ್ಯಾರೆ ಗಾಡೀದು ಬ್ಯಾಡ, ಇದರ ಜೋಡಿ ಹುಟ್ಟಿದ್ದ ಬೇಕು.
ಐತೇನು?’

ಇಲ್ಲ ಅಂದ್ನಿ.

ಐತಿ.
ಅಟ್ಟದ ಮ್ಯಾಲೆ, ಹದಿನೈದು ಕಿಲೋ ಎಣ್ಣಿ ಡಬ್ಬಿಯಾಗ,
ಗ್ರೀಸ್ ಹಚ್ಚಿ, ಅಬ್ಬಾನ ಹಳೇ ಲುಂಗಿಯಾಗ ಸುತ್ತಿ.
ರಬ್ಬರಿನ ಮ್ಯಾಲೆ ಅವರ ಅಪ್ಪಾರ ಬೂಟು
ಸವಸಿದ ತಗ್ಗು ಸೈತ ಹಂಗ ಐತಿ.

ಯಾಕ ಇಲ್ಲ ಅಂದ್ನಿ?
ರಾತ್ರಿ ನಿದ್ದಿ ಹತ್ತಲಿಲ್ಲ.
ಅಕ್ಕಾರ ಚೀಲದಾಗಿನ ಎರಡೂವರಿ ಲಕ್ಷ
ನಾ ಕದ್ದಂಗಾತು,
ನನ್ನ ನಾಕನೇ ವೆಲ್ಡಿಂಗಿನ ಸೊಕ್ಕಿಗೆ.
ಕಾರು ಅವರದು. ಹಿಡಿಕಿ ನಂದಂತ
ಯಾವಾಗ ತಿಳಕೊಂಡ್ನಿ ನಾ?

ಬೆಳಗಾಗಿಂದ ಡಬ್ಬಿ ಹೊತಗೊಂಡು ಧಾರವಾಡಕ್ಕ ಹೋದ್ನಿ.
ಅಕ್ಕಾರು ಡಬ್ಬಿ ನೋಡಿದ್ರು, ನನ್ನ ನೋಡಿದ್ರು,
ಗೋಡಿ ಹಿಡಕೊಂಡು ಒಳಗ ಹೋಗಿ ಫೈಲ್ ತಂದ್ರು.
ನಾ ಕೊಟ್ಟ ಬಿಲ್ಲು, ಮುನ್ನೂರ ಇಪ್ಪತ್ತು ರೂಪಾಯಿ,
ಅರಿಶಿಣದಂಗ ಆಗಿತ್ತು ಕಾಗದ.
ಕೆಳಗ ಅವರ ಕೈಲೆ ಟೈಪ್ ಆದ ಒಂದು ಸಾಲು:
‘ಹಳೇ ಪೆಡಲ್ ಗೌಸು ವಾಪಸ್ ಕೊಟ್ಟಿಲ್ಲ.
ಕೇಳೂದು ಬ್ಯಾಡ.’

ಪೆಡಲ್ ತೊಡಿ ಮ್ಯಾಲೆ ಇಟಗೊಂಡು
ಆ ತಗ್ಗಿನಾಗ ಹೆಬ್ಬಟ್ಟು ಒತ್ತಿ ನೋಡಿದ್ರು.
ಕೈಗೆ ಗ್ರೀಸ್ ಹತ್ತಿತು, ಒರಸಲಿಲ್ಲ.
‘ಇದನ್ನ ಅವಗ ಕೊಡೂದು ಬ್ಯಾಡ’ ಅಂದ್ರು.
ಒಂಚೂರು ತಡದು,
‘ಹಿಡಿಕೀನೂ ಬ್ಯಾಡ.’

‘ಮತ್ತ ಅಂವಾ ಗಾಡಿ ಹೆಂಗ ಹೊಡೀಬೇಕ್ರಿ ಅಕ್ಕಾರ?’

‘ಅದು ನಾಕೂವರಿ ಲಕ್ಷ ಇದ್ದವರ ಚಿಂತಿ.
ಬಂದೀದಿ ಅಂದಮ್ಯಾಲೆ
ಬ್ರೇಕ್ ಆಯಿಲ್ ಒಂದಿಷ್ಟು ನೋಡಿ ಹೋಗು.’